ಹರಳಿನೊಳಗಿನ ಚುಕ್ಕೆ

ಓಲೆಯ ತಿರುಪು ಸರಿಮಾಡಿಸಲು ಒಡವೆ ಅಂಗಡಿಗೆ ಬಂದಿದ್ದ ಟೀಚರಮ್ಮ ಪಕ್ಕದ ಅಕ್ಕತಂಗಿಯರ ಮಾತಿಗೆ ಮೈಯೆಲ್ಲ ಕಿವಿಯಾಗಿ ಕೂತಿದ್ದರು. ಅಕ್ಕನ ಮುಂದೆ ಉಂಗುರಕ್ಕೆಂದು ಎರಡು ಕೆಂಪು ಹರಳುಗಳಿದ್ದವು: ಒಂದು ಗಣಿಯದು, ಇನ್ನೊಂದು ಲ್ಯಾಬಿನಲ್ಲಿ ಬೆಳೆಸಿದ್ದು.

“ಗಣೀದೇ ತಗೋ ಅಕ್ಕ. ಒಳಗೊಂದು ಕಪ್ಪು ಚುಕ್ಕೆ ಇದೆ, ನೋಡು.”

“ಅದು ದೋಷ ಅಲ್ವೇನೇ?”

“ಗುರುತು. ಭಾವ ಹೋದ್ಸಲದ ಹಾಗೆ ಹರಳು ಕಿತ್ತು ಗಾಜು ಕೂರಿಸಿದ್ರೆ, ಚುಕ್ಕೆ ಇಲ್ಲ ಅಂತ ಗೊತ್ತಾಗತ್ತೆ.”

ಅಕ್ಕ ಲ್ಯಾಬಿನ ಹರಳನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಇದೇ ಇರ್ಲಿ.”

“ಇದ್ರಲ್ಲಿ ಚುಕ್ಕೇನೇ ಇಲ್ವಲ್ಲ. ಬದಲಾಯಿಸಿದ್ರೂ ನಿಂಗೆ ಗೊತ್ತಾಗಲ್ಲ.”

“ಗೊತ್ತಿಲ್ದೇ ಇದ್ದಾಗ್ಲೇ ಕಣೇ, ಒಂಬತ್ತು ವರ್ಷ ಚೆನ್ನಾಗಿದ್ವಿ.”

ಇಬ್ಬರೂ ಬೆರಳಿನ ಅಳತೆ ಕೊಡಲು ಒಳಗೆ ಹೋದರು. ಟೀಚರಮ್ಮನಿಗೆ ತಮ್ಮ ಓಲೆಯ ಹರಳನ್ನು ಬೆಳಕಿಗೆ ಹಿಡಿದು ನೋಡುವ ಧೈರ್ಯ ಬರಲಿಲ್ಲ.