ಮ್ಯಾಟಿನಿ ಮುಗಿಸಿ ತಲೆಸ್ನಾನ

…ಕೂತ್ಕೋ ಶಾರದಾ, ಕೂತ್ಕೋ. ಯಾಕೆ ಹಾಗೆ ಸೆರಗು ಬಿಗಿಯಾಗಿ ಹಿಡ್ಕೊಂಡು ನಿಂತಿದ್ದೀಯ? ಪಬ್ ಅಂದ್ರೆ ಏನು ಹುಲಿ ಗುಹೇನಾ? ಆ ಮೂಲೇಲಿ ನೋಡು, ಎಂಬತ್ತು ದಾಟಿದ ಅಜ್ಜಿ ಆರಾಮಾಗಿ ಕೂತು ಸ್ವೆಟರ್ ಹೆಣೀತಿದ್ದಾಳೆ. ಅಯ್ಯೋ, ಆ ಕುರ್ಚಿ ಬೇಡ! ಅದು ನನ್ನದು. ಯಾಕೆ ಹುಬ್ಬು ಏರಿಸ್ತೀಯ? ನಿಜವಾಗ್ಲೂ ನನ್ನದೇ. ಮೂರು ವಾರದಿಂದ ಇಡೀ ಅಡಿಲೇಡಿನಲ್ಲಿ ಒಬ್ಬನಿಗೂ ಆ ಕುರ್ಚಿ ಮುಟ್ಟೋ ಧೈರ್ಯ ಬಂದಿಲ್ಲ. ಮೊನ್ನೆ ಒಬ್ಬ ದಾಂಡಿಗ ಕೂತಿದ್ದ. ನಾನು ಬಾಗಿಲಲ್ಲಿ ನಿಂತು ಸುಮ್ಮನೆ ಒಂದು ನೋಟ ನೋಡಿದೆ, ಅಷ್ಟೇ. ಎದ್ದು ಹೋದ ನೋಡು, ಗ್ಲಾಸು ಕೂಡ ಬಿಟ್ಟು!

ಸರಿ, ಸರಿ, ಅವನ ಟ್ರೈನಿಗೆ ಹೊತ್ತಾಗಿತ್ತು. ಆದರೂ ಎದ್ದು ಹೋದ ತಾನೇ?

ಅದಿರಲಿ, ಮಾಸನ್ ಲೇಕ್ಸಿನ ಮನೆಯಿಂದ ಒಬ್ಬಳೇ ಬಂದೆಯಾ? ಗೌತಮಿ ಬಿಟ್ಟಳಾ? ನಮ್ಮ ಮಗಳು ನಮ್ಮನ್ನ ಹಾಲು ತರೋಕೂ ಒಬ್ಬೊಬ್ಬರೇ ಕಳಿಸಲ್ಲ. ಸ್ಟೇಷನ್ನಿಂದ ಇಲ್ಲೀವರೆಗೆ ನಾಲ್ಕು ತಿರುವು ಇದೆ, ನಾನೇ ಮೊದಲ ದಿನ ದಾರಿ ತಪ್ಪಿ ಮಾರ್ಕೆಟ್ಟಿಗೆ ಹೋಗಿ ಎರಡು ಕೆಜಿ ಬದನೆಕಾಯಿ ತಗೊಂಡು ವಾಪಸ್ ಬಂದಿದ್ದೆ. ನೀನು ನೇರವಾಗಿ ಬಂದು ಬಾಗಿಲು ತಳ್ಳಿಬಿಟ್ಟೆಯಲ್ಲ! ಹೇಗೆ ಗೊತ್ತಾಯ್ತು ದಾರಿ?

ಹೇಳಲ್ಲ. ಸರಿ, ಹೇಳಬೇಡ.

ಚಿಕ್ಕ ಜಾಗ ಅಂತ ಮೂಗು ಮುರೀಬೇಡ. ನೂರೈವತ್ತು ವರ್ಷದ್ದು. ಈ ಕೌಂಟರಿನ ಮರ ಇದೆಯಲ್ಲ, ಇದು ಹಡಗಿನದು, ಮೂರು ಸಲ ಮುಳುಗಿದ ಹಡಗು! ಒಂದು ಹಡಗು ಮೂರು ಸಲ ಹೇಗೆ ಮುಳುಗುತ್ತೆ ಅಂತ ಕೇಳಬೇಡ, ಇಲ್ಲಿ ಯಾರೂ ಕೇಳಲ್ಲ. ಗೋಡೆ ತುಂಬ ಇರೋ ಫೋಟೋ ಎಲ್ಲಾ ನಾಟಕದವರದ್ದು. ಅಲ್ಲಿ ಕೊನೇಲಿ ಖಾಲಿ ಮೊಳೆ ಕಾಣ್ತಾ? ಅದು ನನಗೆ ಇಟ್ಟಿರೋದು. ಅದರ ಪಕ್ಕದಲ್ಲಿರೋ ಹಿತ್ತಾಳೆ ಗಂಟೆ ನೋಡು. ಎದುರಿನ ಥಿಯೇಟರಿಂದ ವೈರು ಎಳೆದಿದ್ದಾರೆ. ಪರದೆ ಏಳೋಕೆ ಹತ್ತು ನಿಮಿಷ ಇದೆ ಅನ್ನುವಾಗ ಅಲ್ಲಿ ಒತ್ತಿದರೆ ಇಲ್ಲಿ ಹೊಡ್ಕೊಳ್ಳುತ್ತೆ. ಹಳೇ ಕಾಲದ ನಟರು ಗ್ಲಾಸು ಬಿಟ್ಟು ಏಳ್ತಿರಲಿಲ್ವಂತೆ. ನಾನು ಬಂದಾಗ ಆ ಗಂಟೆ ಕೆಟ್ಟು ಕೂತಿತ್ತು. ಕೆಇಬಿಯಲ್ಲಿ ಮೂವತ್ತಾರು ವರ್ಷ ಲೈನು ನೋಡಿದ ಈ ನಂಜುಂಡಪ್ಪ, ಸ್ಟೂಲ್ ಹತ್ತಿ ಒಂದೇ ಒಂದು ಬೆರಳು…

ಯಾಕೆ ಆ ಗಂಟೇನೇ ನೋಡ್ತೀಯ? ಇನ್ನೂ ಟೈಮಿದೆ. ಎರಡು ಗಂಟೆಗೆ ನಮ್ಮ ನಾಟಕದ ಆಟ. ಇವತ್ತು ಕೊನೇದು ಕಣೇ. ಇದೊಂದು ಮುಗಿದುಬಿಟ್ಟರೆ ನಾನು ಮತ್ತೆ ಮನೇಲೇ, ನಿನ್ನ ಕಣ್ಣೆದುರಿಗೇ.

ಗೊತ್ತು, ಗೊತ್ತು. ಗುರುವಾರ ನೀನು ಹೇಳಿದ್ದು ಮರೆತಿಲ್ಲ. "ದಿನಾ ಬಂದವರು ತಲೆಗೆ ಸ್ನಾನ ಯಾಕೆ ಮಾಡ್ತೀರಿ ಅಂತ ನಿಜ ಹೇಳಿ, ಇಲ್ಲಾಂದ್ರೆ ಕೊನೇ ಆಟಕ್ಕೆ ನಾನೇ ಬಂದು ಕೈ ಹಿಡಿದು ಎಳ್ಕೊಂಡು ಬರ್ತೀನಿ." ಬಂದೇಬಿಟ್ಟೆ. ಹೆಂಗಸು ಅಂದ್ರೆ ಹೀಗಿರಬೇಕು! ಬೇಸಿಲ್, ನೋಡಿದೆಯೇನಯ್ಯಾ, ನಮ್ಮ ಮನೆಯವರು!

ಅವನು ಬೇಸಿಲ್, ಇಲ್ಲಿ ಕೌಂಟರ್ ನೋಡ್ಕೊಳ್ಳೋನು, ಬಂಟ್ವಾಳದವನು. ಹದಿನೈದು ವರ್ಷ ದುಬೈಯಲ್ಲಿದ್ದು ಇಲ್ಲಿಗೆ ಬಂದಿದ್ದಾನೆ. ನನಗೆ ಈ ಊರಲ್ಲಿ ಕನ್ನಡ ಸಿಕ್ಕಿದ್ದೇ ಈ ಪಬ್ಬಿನಲ್ಲಿ ನೋಡು. ಏನಂದ? "ಇವತ್ತಾದ್ರೂ ಉಸಿರು ಹಿಡ್ಕೊಳ್ಳಿ ಮಾರಾಯ್ರೇ" ಅಂದನಾ? ಹಹ್ಹಾ! ಅವನ ಮಾತು ಬಿಡು. ಅವರ ಕಡೆ ಕನ್ನಡ ನಮಗೆ ಅರ್ಥ ಆಗಲ್ಲ.

ಸ್ನಾನದ ವಿಷಯ ತಾನೇ? ಹೇಳ್ತೀನಿ. ಮನಸ್ಸು ಗಟ್ಟಿ ಮಾಡ್ಕೋ. ಶಾರದಾ… ನಾನು ಕುಡೀತೀನಿ. ಹೂಂ. ಬಿಯರ್. ಆ ವಾಸನೆ ನಿನಗೆ ಬರಬಾರದು ಅಂತ ಸ್ನಾನ. ಮುಗೀತು, ಹೇಳಿಬಿಟ್ಟೆ. ಬೈಯಿ, ಎಷ್ಟು ಬೇಕಾದ್ರೂ ಬೈಯಿ. ಇದೇ ನೋಡು ಗ್ಲಾಸು, ಕಂದು ಬಣ್ಣ, ಮೇಲೆ ನೊರೆ. ಒಂದೇ ಗುಟುಕಿಗೆ ನಾಲ್ಕು ಗ್ಲಾಸು ಇಳಿಸ್ತೀನಿ ಅಂತ ಇಲ್ಲೆಲ್ಲಾ ಹೆಸರು ನನಗೆ… ಏಯ್! ಏಯ್ ಶಾರದಾ! ಕುಡಿದೇಬಿಟ್ಟೆಯಾ! ಏಕಾದಶಿ ಮಾಡೋ ಹೆಂಗಸು, ಬಿಯರ್ ಗ್ಲಾಸಿಗೆ ಬಾಯಿ…

…ಯಾಕೆ ನನ್ನನ್ನ ಹಾಗೆ ನೋಡ್ತೀಯ?

ಸಿಹಿಯಾಗಿದೆ, ಅಲ್ವಾ.

ನಿಂಬೆ ಶರಬತ್ತು ಕಣೇ. ಇಲ್ಲಿ ಅದಕ್ಕೆ ಲೆಮನ್ ಲೈಮ್ ಬಿಟರ್ಸ್ ಅಂತಾರೆ, ಎರಡೋ ಮೂರೋ ತೊಟ್ಟು ಕಹಿ ಹಾಕಿ ಬಣ್ಣ ಬರಿಸ್ತಾರೆ. ದೂರದಿಂದ ನೋಡಿದರೆ ಬಿಯರ್ ಥರಾನೇ ಕಾಣುತ್ತೆ. ಅದಕ್ಕೇ ಅದನ್ನ ಕುಡಿಯೋದು. ಎಲ್ಲರೂ ಗಂಡಸರ ಹಾಗೆ ಗ್ಲಾಸು ಎತ್ತುವಾಗ ನಾನೊಬ್ಬ ಹಾಲು ಕುಡೀಲಾ?

ಸರಿ, ಹಾಗಾದ್ರೆ ನಿಜ ಹೇಳ್ತೀನಿ. ಮೇಕಪ್ಪು! ನಾಟಕ ಅಂದ್ಮೇಲೆ ಬಣ್ಣ ಹಚ್ಚಬೇಡ್ವಾ? ಅದನ್ನ ತೊಳ್ಕೊಳ್ಳೋಕೆ ಸ್ನಾನ. ಗೊತ್ತಲ್ಲ ನನ್ನ ಪಾತ್ರ? ಸಿಲೋನಿನ ಟೀ ಎಸ್ಟೇಟ್ ಯಜಮಾನ! ಇಡೀ ನಾಟಕ ನನ್ನ ಮೇಲೇ ನಿಂತಿದೆ. ಪರದೆ ಎದ್ದಾಗಿಂದ ಬೀಳೋವರೆಗೂ ನಾನು ರಂಗದ ಮೇಲೇ ಇರ್ತೀನಿ, ಮಿಕ್ಕವರು ಬರ್ತಾರೆ ಹೋಗ್ತಾರೆ. ಎಲ್ಲರ ಬಾಯಲ್ಲೂ ನನ್ನದೇ ಮಾತು. ನನಗೋಸ್ಕರ ಇಬ್ಬರು ಹೆಂಗಸರು ಅಳ್ತಾರೆ. ನಾಟಕದಲ್ಲಿ ಕಣೇ, ನಾಟಕದಲ್ಲಿ! ಹೂವು ಹಾಕ್ತಾರೆ. ನಿನ್ನೆ ಅಂತೂ ನನ್ನ ಬಾಯಿಂದ ಒಂದೇ ಒಂದು ಸದ್ದು ಬಂದಿದ್ದಕ್ಕೆ ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು! ಎದುರಿಗಿದ್ದ ನಟ ತಬ್ಬಿಬ್ಬಾಗಿ ಹೊಸ ಡೈಲಾಗೇ ಕಟ್ಟಬೇಕಾಯ್ತು.

ಪಾತ್ರ ಹೇಗೆ ಸಿಕ್ತು ಗೊತ್ತಾ? ಒಂದು ಮಧ್ಯಾಹ್ನ, ಇವರು ಆರ್ವೋ ಅಂತಾರಲ್ಲ, ಬಿಸಿಲಿಗೆ ತಾಳಲಾರದೆ ಇಲ್ಲಿ ಬಂದು, ನೀನು ಕಟ್ಟಿಕೊಟ್ಟ ಚಟ್ನಿ ಸ್ಯಾಂಡ್‌ವಿಚ್ ತಿಂದು, ಆ ಬೆಂಚಿನ ಮೇಲೆ ಹಾಗೇ ಒಂದು ಜೊಂಪು… ಎದ್ದು ನೋಡ್ತೀನಿ, ಎದುರಿಗೆ ಡೋರಿಸ್ ಅಂತ ಡೈರೆಕ್ಟರಮ್ಮ. ಕಣ್ಣಲ್ಲಿ ನೀರು! ಹತ್ತು ನಿಮಿಷದಿಂದ ನನ್ನನ್ನೇ ನೋಡ್ತಾ ನಿಂತಿದ್ದಾಳೆ. "ನಲವತ್ತು ವರ್ಷದಲ್ಲಿ ಇಂಥ ಅಭಿನಯ ನೋಡಿಲ್ಲ" ಅಂದಳು. ಒಂದು ಮಾತೂ ಆಡದೆ ಪಾತ್ರ ಗಿಟ್ಟಿಸಿದವನು ನಾನು!

ಮತ್ತೆ, ನಾನೇನು ಸಾಮಾನ್ಯನಾ? ಮೊದಲ ದಿನವೇ ಡೋರಿಸಮ್ಮನಿಗೆ ಪಾಠ ಹೇಳಿದೆ. ಫೋನಿನಲ್ಲಿ ದಿಕ್ಸೂಚಿ ಹಾಕಿ ನೋಡಿದರೆ ಸೋಫಾ ತಲೆದಿಂಬು ನೇರ ಉತ್ತರಕ್ಕೆ! ಉತ್ತರಕ್ಕೆ ತಲೆ ಹಾಕಿ ಮಲಗೋಕುಂಟಾ? ತಿರುಗಿಸಿ ಅಂದೆ. ಇಡೀ ಸೆಟ್ಟು ತಿರುಗಿಸಿದರು, ಕಿಟಕಿ ಬಾಗಿಲು ಸಮೇತ! ಆಮೇಲೆ ರಾತ್ರಿ ಯೋಚನೆ ಬಂತು, ಈ ದೇಶ ಭೂಮಿಯ ಕೆಳಗಡೆ ಇದೆಯಲ್ಲ, ಇಲ್ಲಿ ಉತ್ತರಾನೇ ದಕ್ಷಿಣ ಏನೋ ಅಂತ. ಮಾರನೇ ದಿನ ಮತ್ತೆ ತಿರುಗಿಸಿ ಅಂದಾಗ ಮಾತ್ರ ಆಯಮ್ಮ ಸುತ್ತಿಗೆ ತಗೊಂಡು…

ಏನು?

ಮಲಗೋದು ಅಂದೆನಾ? ಇಲ್ಲಪ್ಪಾ. ಕೂತ್ಕೊಳ್ಳೋದು. ಯಜಮಾನ ಸೋಫಾ ಮೇಲೆ ಕೂತಿರ್ತಾನೆ. ಸ್ವಲ್ಪ ಒರಗಿ… ಸ್ವಲ್ಪ ಜಾಸ್ತೀನೇ ಒರಗಿ…

ಏನಾದ್ರೂ ಮಾತಾಡೇ. ಮದುವೆಯಾಗಿ ನಲವತ್ತೊಂದು ವರ್ಷ, ನೀನು ಇಷ್ಟು ಹೊತ್ತು ಸುಮ್ಮನಿದ್ದದ್ದು ನಾನು ಕಂಡಿಲ್ಲ. ಊರಲ್ಲಿ ಪಕ್ಕದ ಮನೆ ರಮಾಕಾಂತ ಕೇಳ್ತಿದ್ದ, "ನಿಮ್ಮನೇಲಿ ರೇಡಿಯೋ ಆಫೇ ಮಾಡಲ್ವಾ" ಅಂತ. ಅವನ ಮಾತು ಬಿಡು. ಹೌದು, ರೇಡಿಯೋ ನಾನೇ ಇರಬಹುದು.

ಹಾಗೆ ನೋಡಬೇಡ.

ಗೊತ್ತು. ಬಣ್ಣ ತೊಳೆಯೋಕೆ ಯಾರೂ ಹಿಂದಿನ ಬಾಗಿಲಿಂದ ಬರಲ್ಲ. "ಮುಟ್ಟಬೇಡ, ದೂರ ನಿಲ್ಲು" ಅನ್ನಲ್ಲ. ಗರಾಜಿನಲ್ಲಿ ನಲ್ಲಿ ಕೆಳಗೆ ಉಟ್ಟ ಬಟ್ಟೆ ಸಮೇತ ಕೂತು ನೀರು ಸುರ್ಕೊಳ್ಳಲ್ಲ. ಅಳಿಯ ಪಾಪ, ಆಸ್ಟ್ರೇಲಿಯಾದಲ್ಲಿ ನೀರಿನ ಬಿಲ್ಲು ಹೇಗೆ ಬರುತ್ತೆ ಅಂತ ಅರ್ಧ ಗಂಟೆ ವಿವರಿಸಿದ. ನೀನು ಮಾತ್ರ ಒಂದೇ ಮಾತು ಕೇಳಿದೆ: "ದಿನಾ ಯಾರ ಮನೆ ಸಾವಿಗೆ ಹೋಗಿ ಬರ್ತಿದ್ದೀರಿ?"

ನನ್ನದಕ್ಕೇ ಕಣೇ.

ಹೂಂ. ಯಜಮಾನ ಪರದೆ ಏಳೋ ಮುಂಚೇನೇ ಸತ್ತಿರ್ತಾನೆ. ಯಾರು ಕೊಂದರು ಅನ್ನೋದೇ ನಾಟಕ. ನನ್ನದು ಹೆಣದ ಪಾತ್ರ. ಬಿಡ್ತು ಅನ್ನು! ಬೇಗ ಅನ್ನು! …ನಾನೇ ಅಂದ್ಕೋತೀನಿ, ಬಿಡ್ತು, ಬಿಡ್ತು.

ಹೇಗೆ ಹೇಳ್ಲಿ ನಿನಗೆ? ಮೈಸೂರಲ್ಲಿ ಆಪರೇಷನ್ ಆದಾಗ ಮೂರು ದಿನ ಆ ಗಾಜಿನ ಕಿಟಕಿ ಆಚೆ ನಿಂತಿದ್ದೆ ನೀನು. ಬಾಯಿಗೆ ಪೈಪು, ಕೈಗೆ ಸೂಜಿ, ನನ್ನ ಹತ್ತಿರ ಇದ್ದಿದ್ದು ಬಲಗಾಲಿನ ಹೆಬ್ಬೆರಳು ಒಂದೇ. ಅದನ್ನೇ ಅಲ್ಲಾಡಿಸ್ತಿದ್ದೆ. ಇದ್ದೀನಿ ಅಂತ. ಅಂಥವಳ ಮುಂದೆ ಬಂದು, "ಶಾರದಾ, ದಿನಾ ಎರಡು ಗಂಟೆ ಬಿಳಿ ಬಟ್ಟೆ ಹೊದ್ದು ಸತ್ತು ಮಲಗ್ತೀನಿ, ಚಪ್ಪಾಳೆ ಹೊಡೀತಾರೆ" ಅಂತ ಹೇಳ್ಲಾ? ಕುಂಕುಮದ ಬಟ್ಟಲು ನನ್ನ ತಲೆ ಮೇಲೆ ಬರ್ತಿತ್ತು. ಅದರ ಬದಲು ಕುಡುಕ ಅಂದ್ಕೊಳ್ಳಲಿ ಅನ್ನಿಸ್ತು. ಕುಡುಕನ್ನ ಬೈತಾರೆ, ಅಷ್ಟೇ. ಹೆದರಲ್ಲ.

ಆದರೆ ಶಾಸ್ತ್ರ ಬಿಟ್ಟಿಲ್ಲ ಕಣೇ. ದಿನಾ ತಲೆಸ್ನಾನ, ಜಾಕೀಟು ಬಿಸಿಲಿಗೆ, ಸೋಫಾ ತಿರುಗಿಸಿದ್ದಾಯ್ತು. ಮತ್ತೆ ಅಲ್ಲೂ, ಆ ಬಿಳಿ ಬಟ್ಟೆ ಒಳಗೆ, ಐದೈದು ನಿಮಿಷಕ್ಕೊಮ್ಮೆ ಹೆಬ್ಬೆರಳು ಅಲ್ಲಾಡಿಸ್ತೀನಿ. ಡೋರಿಸಮ್ಮ ಬೈತಾಳೆ. ಬೈಯಲಿ. ನಿನಗೆ ಕಾಣಲ್ಲ ಅಂತ ಗೊತ್ತು, ಆದರೂ.

ಯಾಕೆ ಮಾಡಬೇಕಿತ್ತು ಅಂತೀಯ? ಮಗಳ ಮನೇಲಿ ನಮ್ಮನ್ನ ಮೆತ್ತಗೆ ಇಟ್ಟಿದ್ದಾರೆ. "ಅಪ್ಪಾ ಎತ್ತಬೇಡಿ, ಅಪ್ಪಾ ಹತ್ತಬೇಡಿ." ಇಲ್ಲಿ ಮಾತ್ರ ಎರಡು ಗಂಟೆಗೆ ಜನ ನನಗೆ ಕಾಯ್ತಾರೆ. ಹೆಣ ಬರದಿದ್ದರೆ ಆಟಾನೇ ಇಲ್ಲ!

…ಅಗೋ. ಹೊಡೀತು ಗಂಟೆ. ಎಷ್ಟು ಗಟ್ಟಿಯಾಗಿದೆ ನೋಡು, ನನ್ನ ರಿಪೇರಿ!

ಎಲ್ಲರೂ ಎದ್ದರು. ನಾನು ಏಳಲ್ಲ. ನೀನು ಬೇಡ ಅಂದ್ರೆ ಏಳಲ್ಲ, ನಿನ್ನ ಮೇಲಾಣೆ. ಬೇಸಿಲ್‌ಗೆ ಹೇಳ್ತೀನಿ, ಅವನೇ ಹೋಗಿ ಮಲಗಲಿ. ಟ್ರೈನು ಎರಡೂ ಕಾಲಿಗೆ ಇದೆ, ಮನೆಗೆ ಹೋಗಿಬಿಡೋಣ. ಒಂದೇ ಒಂದು ಮಾತು ಹೇಳು. ಹೂಂ ಅಥವಾ ಉಹೂಂ. ಬ್ಯಾಗಿನಲ್ಲಿ ಏನು ಹುಡುಕ್ತಿದ್ದೀಯ? ಟಿಕೆಟ್ಟಾ? ಫೋನಾ? ಗೌತಮಿಗೆ ಫೋನ್ ಮಾಡಬೇಡ ಕಣೇ, ದಮ್ಮಯ್ಯ…

ಇದೇನಿದು? ಲವಂಗ?

ಲವಂಗ ಯಾಕೆ ನನಗೆ? ನನಗೇನು ಕೆಮ್ಮಾ? ಮನೇಲಿ ನಾನು ಒಂದು ಸಲಾನೂ ಕೆಮ್ಮಿಲ್ಲ. ಟ್ರೈನಿನಲ್ಲೂ ಇಲ್ಲ. ನಾನು ಕೆಮ್ಮಿದ್ದು ಒಂದೇ ಸಲ, ಅದು ನಿನ್ನೆ, ಎರಡನೇ ಅಂಕದಲ್ಲಿ, ಬಿಳಿ ಬಟ್ಟೆ ಒಳ…

ಶಾರದಾ.

ನಿನ್ನೆ ನೀನೂ ಗೌತಮಿಯೂ ದೇವಸ್ಥಾನಕ್ಕೆ ಅಂತ ಹೋಗಿದ್ದಿರಿ.

…ಅದಕ್ಕೇ ದಾರಿ ಗೊತ್ತು ನಿನಗೆ!

ಎಷ್ಟನೇ ಸಾಲು? ಮುಂದೇನಾ? ಹಾಗಾದ್ರೆ… ಕಾಣ್ತಾ? ಹೆಬ್ಬೆರಳು?

ಅಯ್ಯೋ, ಈಗ್ಯಾಕೆ ಕಣ್ಣೊರಸ್ಕೋತೀಯ! ಆ ಅಜ್ಜಿ ನೋಡ್ತಿದ್ದಾಳೆ… ಅಳ್ತಿದ್ದೀಯೋ ನಗ್ತಿದ್ದೀಯೋ? ನಗ್ತಿದ್ದೀಯ! ಹೆಣ ಕೆಮ್ಮಿದ್ದಕ್ಕೆ ನೀನೂ ನಕ್ಕೆಯಾ? ಎಲ್ಲರಿಗಿಂತ ಗಟ್ಟಿಯಾಗಿ ಎಡಗಡೆ ಯಾರೋ ನಕ್ಕರಲ್ಲ, ಆ ದನಿ ಎಲ್ಲೋ ಕೇಳಿದ್ದೀನಿ ಅಂತ ಮಲಗಿದ್ದಲ್ಲೇ ಅನ್ಕೊಂಡೆ!

ಬಂದೆ ಬಂದೆ ಬೇಸಿಲ್, ಓಡ್ತಿದ್ದೀನಿ! ಪೌಡರು ಹಚ್ಚೋಕೆ ಎರಡೇ ನಿಮಿಷ ಸಾಕು ನನಗೆ. ಹೋಗಿ ಬರ್ತೀನಿ ಕಣೇ. ಕೇಳಿಸ್ಕೊಂಡೆಯಾ, ಹೋಗ್ತೀನಿ ಅಂದಿಲ್ಲ, ಹೋಗಿ ಬರ್ತೀನಿ ಅಂದೆ. ಶರಬತ್ತು ಪೂರ್ತಿ ಕುಡಿ, ನಿಧಾನಕ್ಕೆ ಬಾ, ಅದೇ ಸೀಟಿನಲ್ಲಿ ಕೂತ್ಕೋ.

ತಾಳು, ತಾಳು. ಇನ್ನೆರಡು ಲವಂಗ ಕೊಡು. ಎರಡನೇ ಅಂಕ ಸ್ವಲ್ಪ ಉದ್ದ.