ಬತೂಲಳ ಉಪ್ಪಿಲ್ಲದ ತಟ್ಟೆ

…ನಗು, ಬೂಷ್ತಾ, ನಗು! ಮೂವತ್ತು ವರ್ಷದಿಂದ ಈ ಓಣಿಯ ರೊಟ್ಟಿಯೆಲ್ಲ ನಿನ್ನ ಒಲೆಯಲ್ಲೇ ಬೆಂದಿದೆ, ಇಂಥ ತಟ್ಟೆ ಮಾತ್ರ ಇನ್ನೂ ನಿನಗೆ ತಮಾಷೆ. ಏನು, ಎಣಿಸ್ತಿದ್ದೀಯಾ? ತೊಂದರೆ ಬೇಡ, ನಾನೇ ಹೇಳ್ತೇನೆ. ಅರವತ್ತು ಕಡ್ಡಿ. ಟರ್ನಿಪ್ ಮೂವತ್ತು, ಕ್ಯಾರೆಟ್ ಮೂವತ್ತು. ಕಿರುಬೆರಳಿನ ದಪ್ಪ, ತೋರುಬೆರಳಿನ ಉದ್ದ. ಹೌದು, ಸ್ಕೇಲ್ ಇಟ್ಟೇ ಕೊಯ್ದದ್ದು! ಓಣಿಯವರು ನನ್ನನ್ನು "ಅಳತೆಗೋಲು ಅಬ್ದುಲ್‌ಹೈ" ಅಂತ ಕರೆಯೋದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಕರೆಯಲಿ. ಅಳತೆಯಿಲ್ಲದವರಿಗೆ ಅಳತೆಗೋಲು ಅಂದರೆ ಬೈಗುಳವೇ.

ತಾಳು, ಒಳಗೆ ತಳ್ಳಬೇಡ. ಇನ್ನೂ ರೊಟ್ಟಿಯ ಉರಿ ಇದೆ. ಆ ಉರಿಗೆ ಹಾಕಿದರೆ ಹೊರಗೆ ಇದ್ದಿಲು, ಒಳಗೆ ಹಸಿ… ನಮ್ಮ ಶಿಕ್ಷಣಾಧಿಕಾರಿಗಳ ಹಾಗೆ. ಉರಿ ಇಳಿಯಲಿ. ಆಮೇಲೆ ಎಡಗಡೆಗೆ, ಗೋಡೆಗೆ ಎರಡು ಗೇಣು ಈಚೆ. ನಲವತ್ತು ನಿಮಿಷ. ನಡುವೆ ಒಂದೇ ಒಂದು ಸಲ ತಿರುವಬೇಕು, ಅದನ್ನು ನಾನೇ ಮಾಡ್ತೇನೆ. ನಿನ್ನ ಆ ಉದ್ದ ಮರದ ಹುಟ್ಟು ತಾಗಿಸಿದರೆ ಅರವತ್ತು ಕಡ್ಡಿ ನೂರಿಪ್ಪತ್ತು ಚೂರಾಗುತ್ತೆ. ಕಡ್ಡಿಗೆ ಕಡ್ಡಿ ತಾಗಬಾರದು. ತಾಗಿದರೆ ಗರಿಗರಿಯಾಗೋದಿಲ್ಲ, ಬೆವರುತ್ತೆ. ಎಣ್ಣೆ ಒಂದು ಚಮಚ. ಜೀರಿಗೆ, ಬೆಳ್ಳುಳ್ಳಿ, ಒಂದಿಷ್ಟು ಕರಿಮೆಣಸು. ಉಪ್ಪು? ಇಲ್ಲ. ಬಾಣಲೆ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ತಿಂದು ಬೆಳೆದವರಿಗೆ ಇದು ಸತ್ತವರ ಬೆರಳಿನ ಹಾಗೆ ಕಾಣುತ್ತಂತೆ. ಎದುರುಮನೆಯವಳು ಹಾಗಂದಳು, ಬಾಯಿಗೆ ಬಾಗಿಲಿಲ್ಲದವಳು. ಕಿಡ್ನಿ ಕೆಟ್ಟವರಿಗೆ ಇದೇ ಮದುವೆ ಊಟ ಕಣೇ ಅಂದೆ!

ಗೆಡ್ಡೆ ಕೊಯ್ದು ನೀರಲ್ಲಿ ನೆನೆಸಿದ್ದೆ, ಬೆಳಗಿನ ನಮಾಜಿಗೆ ಮುಂಚೆಯೇ. ಆ ನೀರು ಚೆಲ್ಲಿದೆ. ಹೊಸ ನೀರಲ್ಲಿ ಅರ್ಧ ಬೇಯಿಸಿದೆ. ಆ ನೀರೂ ಚೆಲ್ಲಿದೆ. ಇವತ್ತು ಎರಡೂ ನೀರು ಚೆಲ್ಲಿದೆ. ಆಮೇಲೆ ಬಟ್ಟೆ ಮೇಲೆ ಹರಡಿ…

ಯಾಕೆ ಹುಬ್ಬೇರಿಸಿದೆ? ಹುಬ್ಬು ಅಲ್ಲೇ ಇರಲಿ, ಕಿವಿ ಇತ್ತ ಕೊಡು.

ಬತೂಲ್ ಇವತ್ತು ಮಧ್ಯಾಹ್ನ ಆಸ್ಪತ್ರೆಯಿಂದ ಬರ್ತಾಳೆ. ಹೌದು, ಬದುಕಿದ್ದಾಳೆ, ದೇವರ ದಯೆ. ನಾಲ್ಕು ದಿನದ ಹಿಂದೆ ಅಂಗಳದಲ್ಲಿ ಬಟ್ಟೆ ಮಡಿಸ್ತಾ ಇದ್ದವಳು, ಕಾಲಲ್ಲಿ ಜೀವವೇ ಇಲ್ಲದ ಹಾಗೆ ಕುಸಿದು ಕೂತಳು. ನಾಡಿ ಹಿಡಿದೆ. ಒಂದು ಬಡಿತ… ಆಮೇಲೆ ಏನೂ ಇಲ್ಲ… ಆಮೇಲೆ ಇನ್ನೊಂದು. ನಾನು ಎಣಿಸ್ತಾ ಇದ್ದೆ ಬೂಷ್ತಾ. ಬೇರೇನು ಮಾಡಬೇಕು ಅಂತ ತೋಚದೆ ಎಣಿಸ್ತಾ ಇದ್ದೆ.

ಆಸ್ಪತ್ರೆಯಲ್ಲಿ ಒಬ್ಬಳು ಡಾಕ್ಟರು. ನನ್ನ ಕನ್ನಡಕಕ್ಕಿಂತ ಚಿಕ್ಕ ವಯಸ್ಸು. "ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ ಹಾಜ್, ಎದೆ ನಿಂತುಹೋಗೋದಿತ್ತು, ಏನು ತಿನ್ನಿಸಿದಿರಿ?" ಅಂದಳು. ಹಣ್ಣಿನಲ್ಲಿ, ಗೆಡ್ಡೆಯಲ್ಲಿ ಎಲ್ಲದರಲ್ಲೂ ಇರೋ ಕ್ಷಾರವಂತೆ ಅದು. ನಮ್ಮ ನಿಮ್ಮ ಮೈಯಿಂದ ಹರಿದುಹೋಗುತ್ತೆ, ಅವಳ ಮೈಯಲ್ಲಿ ನಿಂತುಬಿಡುತ್ತೆ. ತಿನ್ನಿಸಿದಿರಿ ಅಂತೆ! ನನ್ನನ್ನು ಕೇಳ್ತಾಳೆ! ಒಂದು ವರ್ಷದಿಂದ ಆ ಮನೆಯಲ್ಲಿ ತುತ್ತು ತುತ್ತಿಗೂ ತಕ್ಕಡಿ ಇಟ್ಟವನನ್ನು!

ಯಾರು ಕೊಟ್ಟದ್ದು ಅಂತ ನನಗೆ ಅಲ್ಲೇ ಹೊಳೆಯಿತು. ಅವಳ ತಂಗಿ. ಖದ್ದೂಜ್. ನಿನ್ನ ಒಲೆಯಿಂದ ಎರಡನೇ ಬಾಗಿಲು. ಟಿವಿಯಲ್ಲಿ ಯಾರಿಗೋ ಮದುವೆ ಮುರಿದರೆ ಮೂರು ದಿನ ಅಳುವ ಹೆಂಗಸು. "ಅಕ್ಕ ಒಣಗಿ ಹೋದಳು, ಈ ಗಂಡ ಅವಳನ್ನು ಜೀವಂತ ಅಳೀತಿದ್ದಾನೆ" ಅಂತ ಓಣಿ ತುಂಬ ಸಾರಿದವಳು. ಅಂಗಿ ತೋಳಿನೊಳಗೆ ಖರ್ಜೂರ, ಮಡಿಲಲ್ಲಿ ಬಾಳೆಹಣ್ಣು. ಅವಳು ನಡೆದಾಡುವ ಅಂಗಡಿ! ಎಲ್ಲರೆದುರು ಹೇಳಿದೆ: "ನಿನ್ನ ಕಾಲು ಇನ್ನು ಈ ಹೊಸ್ತಿಲು ದಾಟಕೂಡದು." ಅವಳು ರೊಟ್ಟಿ ಮುಟ್ಟಿ ಆಣೆ ಇಟ್ಟಳು, ಏನೂ ಕೊಟ್ಟಿಲ್ಲ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳಂತೆ. ನಾನು ಹೆಸರು ಹೇಳುವ ಮೊದಲೇ ಅವಳಿಗೆ ಅಳು!

ಅದಿರಲಿ. ಈಗ ವಿಷಯ ಇದು. ಬತೂಲ್ ನನ್ನ ಹತ್ತಿರ ಮಾತಾಡ್ತಿಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದವಳು ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ನಿನ್ನೆ ಒಂದೇ ಮಾತು ಅಂದಳು: "ನಾನು ಖದ್ದೂಜ್ ಮನೆಗೆ ಹೋಗ್ತೀನಿ. ತಂಗಿ ಮೇಲೆ ಇಲ್ಲದ ತಪ್ಪು ಹೊರಿಸಿದ ಮನೆಗೆ ನಾ ಬರಲ್ಲ." ಬರೋದೇ ಇಲ್ಲವಂತೆ! ಆಮೇಲೆ ಏನನ್ನಿಸಿತೋ… "ಬೂಷ್ತಾ ಹೇಳಲಿ. ಈ ಓಣಿಲಿ ಯಾರ ತಟ್ಟೆಲಿ ಏನಿತ್ತು ಅಂತ ಅವನಿಗೆ ಗೊತ್ತಿಲ್ಲದ್ದು ಯಾವುದಿದೆ? ಅವನು ಹೇಳಿದರೆ ನಂಬ್ತೀನಿ."

ಕೇಳಿಸಿತಲ್ಲ? ಕಾಜಿಯ ಮಾತು ಬೇಡ, ಗಂಡನ ಮಾತು ಬೇಡ, ಒಲೆಯವನ ಮಾತು ಬೇಕು! ಇರಲಿ, ನ್ಯಾಯವೇ. ನೂರು ಮನೆಯ ಹಿಟ್ಟು ಗುರುತಿಲ್ಲದೆ ಬಂದರೂ ಇದು ಇಂಥವರದ್ದು ಅಂತೀಯ. ಯಾವ ಮನೆಯಲ್ಲಿ ತವುಡು ಬೆರೆಸ್ತಾರೆ, ಯಾವ ಸೊಸೆ ಹಿಟ್ಟಿಗೆ ಹುಳಿ ಹಾಕಲು ಮರೆತಳು, ಎಲ್ಲ ನಿನಗೆ ಗೊತ್ತು. ಹಾಗಾದರೆ ಒಂದು ಮಾತು. ಒಂದೇ. "ಖದ್ದೂಜ್ ಆಲೂಗಡ್ಡೆ ತಟ್ಟೆ ತಂದು ಬತೂಲಳ ತಟ್ಟೆಯ ಜಾಗದಲ್ಲಿ ಇಡಿಸಿದಳು." ಅಷ್ಟೇ. ಮಧ್ಯಾಹ್ನ ಅವಳು ಈ ಬಾಗಿಲ ಮುಂದೆಯೇ ಹಾದುಹೋಗಬೇಕು. ನೀನು ಹೇಳು, ಅವಳು ಮನೆಗೆ ಬರ್ತಾಳೆ.

ಏನು ತಲೆ ಆಡಿಸ್ತೀಯ? ತರಲಿಲ್ಲವೇ? ನೆನಪು ಮಾಡಿಕೋ. ಅವಳು ಕುಸಿದ ದಿನ ಸಂತೆ, ಗದ್ದಲ, ನಿನ್ನ ಕಣ್ಣಿಗೆ ಹೊಗೆ… ನೋಡಿಲ್ಲ ಅಂದರೆ ತಂದಿಲ್ಲ ಅಂತಲ್ಲ. ಇದು ತರ್ಕ, ಬೂಷ್ತಾ! ನಾಲ್ಕನೇ ತರಗತಿಯ ತರ್ಕ!

ಓಹೋ. ಊರಿನ ಗುಟ್ಟೆಲ್ಲ ರೊಟ್ಟಿಯ ಜೊತೆ ಹಂಚುವವನಿಗೆ ಇವತ್ತು ಬಾಯಲ್ಲಿ ಕಡುಬು. ಹೋದ ವರ್ಷ ಚರ್ಮ ಹದ ಮಾಡುವವನ ಮನೆಯ ಗುಟ್ಟು ಓಣಿಗೆಲ್ಲ ಹೇಳಿದವನು ಯಾರು? ಆಗ ಈ ಗಾಂಭೀರ್ಯ ಎಲ್ಲಿತ್ತು?

…ಎತ್ತ ಹೊರಟೆ? ನಾನಿಲ್ಲಿ ಮಾತಾಡ್ತಿದ್ದೇನೆ. ಒಲೆ ಪಕ್ಕದ ಆ ಬೂದಿ ಗೂಡಿಗೆ ಯಾಕೆ ಕೈ ಹಾಕ್ತೀಯ? ಬಿಡು. ಬೂದಿ ಏಳುತ್ತೆ, ತಟ್ಟೆ ಮೇಲೆ ಬೀಳುತ್ತೆ. ಬಿಡು ಅಂದೆನಲ್ಲ!

ಮಡಕೆ. ಸರಿ, ಮಡಕೆ. ಅದಕ್ಕೇನು? ನಿನ್ನ ಬೂದಿಯಲ್ಲಿ ಬೇಯೋ ಮಡಕೆಗಳು ಹತ್ತಿರುತ್ತವೆ. ಫೆಸ್ ಊರಲ್ಲಿ ಎಲ್ಲರ ಮಡಕೆಯೂ ಒಂದೇ ಮಣ್ಣು, ಒಂದೇ ಆಕಾರ. ಯಾರೋ ಮರೆತು ಹೋಗಿದ್ದಾರೆ. ನಾಲ್ಕು ದಿನದಿಂದ ಇದೆ ಅಂತೀಯಾ? ಅನ್ನಲಿಲ್ಲ, ಹೌದು, ನೀನೇನೂ ಅನ್ನಲಿಲ್ಲ… ನಾನೇ ಅಂದೆ.

ಒರೆಸಬೇಡ. ಆ ಗುರುತು ಒರೆಸಿ ತೋರಿಸಬೇಡ. ಗೊತ್ತು. ನೀಲಿ ಗೆರೆ. ಸ್ಕೇಲ್ ಇಟ್ಟು ನಾನೇ ಎಳೆದದ್ದು. ಅವಳು ಕುಸಿದ ದಿನ ಒಯ್ಯದೆ ಇಲ್ಲೇ ಉಳಿದದ್ದು.

ಅದರಲ್ಲಿ ಏನಿತ್ತು ಅಂತ ನೋಡ್ತಿದ್ದೀಯಾ ನನ್ನನ್ನು? ಗಂಜಿ! ಬಾರ್ಲಿ ಗಂಜಿ! ಉಪ್ಪಿಲ್ಲ, ಮಾಂಸವಿಲ್ಲ, ಟೊಮೆಟೊ ಕೂಡ ಇಲ್ಲ. ಹೋದ ವರ್ಷ ಡಾಕ್ಟರು ಕೊಟ್ಟ ಪಟ್ಟಿಯಲ್ಲಿ ಬಾರ್ಲಿಗೆ ಅಪ್ಪಣೆ ಇದೆ. ಉಳಿದದ್ದು ಬರೀ ನೀರು.

ನೀರು ಅಂದರೆ ನೀರು. ಯಾವ ನೀರು ಅಂತ ಬೇರೆ ಇರುತ್ತಾ?

…ಗೆಡ್ಡೆಯ ನೀರು. ಬೇಯಿಸಿದ ನೀರು. ಹೊನ್ನಿನ ಬಣ್ಣ, ಎಂಥ ಪರಿಮಳ ಗೊತ್ತಾ? ಅದನ್ನು ಚರಂಡಿಗೆ ಸುರಿಯೋದಾ? ನಮ್ಮ ತಾಯಿ ಕೆಳಗೆ ಬಿದ್ದ ರೊಟ್ಟಿ ಚೂರನ್ನು ಮುತ್ತಿಟ್ಟು ಗೋಡೆಯ ಮೇಲಿಡ್ತಿದ್ದಳು. ನೀನೂ ಇಡ್ತೀಯ, ದಿನಾ ನೋಡ್ತೇನೆ! ಸತ್ವವೆಲ್ಲ ನೀರಿಗೆ ಇಳಿಯುತ್ತೆ ಅಂತ ಪಟ್ಟಿ ಕೊಟ್ಟ ಡಾಕ್ಟರೇ ಹೇಳಿದ್ದರು. ಸತ್ವ ಅಂದಮೇಲೆ ಚೆಲ್ಲೋದು ಹೇಗೆ? ಚೆಲ್ಲು ಅಂತ ಪಟ್ಟಿಯಲ್ಲಿ ಮೂರು ಕಡೆ ಬರೆದಿತ್ತು. ಓದಿದ್ದೆ. ಜನ ದುಂದುಗಾರರು, ಹಾಗೆ ಬರೀತಾರೆ ಅಂದುಕೊಂಡೆ. ಮೂವತ್ತೈದು ವರ್ಷ ಮಕ್ಕಳ ಉತ್ತರಕ್ಕೆ ಕೆಂಪು ಗೆರೆ ಹಾಕಿದವನು, ಪಟ್ಟಿಗೂ ಕೆಂಪು ಗೆರೆ ಹಾಕಿದೆ.

ಅವಳಿಗೆ ರುಚಿಸಿತು, ಬೂಷ್ತಾ. ಹದಿನೈದು ದಿನ. ಒಂದು ವರ್ಷದಿಂದ ಮುಖ ಸಿಂಡರಿಸಿ ಉಣ್ಣುತ್ತಿದ್ದವಳು ಬಟ್ಟಲು ಮುಂದೆ ಚಾಚಿದಳು. "ಇನ್ನೊಂದು ಸೌಟು ಹಾಕ್ರೀ" ಅಂದಳು. ನಾನು ಹಾಕಿದೆ. ಅಳೆಯದೆ ಹಾಕಿದೆ.

ಹಾಗೆ ನೋಡಬೇಡ.

ಯಾವಾಗ ಗೊತ್ತಾಯಿತು ಅಂತ ತಾನೇ? ಬಾಯಿಬಿಟ್ಟು ಕೇಳಿದ್ದರೆ ಬೈದು ಬಿಡ್ತಿದ್ದೆ… ಖದ್ದೂಜಳನ್ನು ಅಟ್ಟಿದ ಮರುದಿನ. ಆ ಹುಡುಗಿ ಡಾಕ್ಟರು ಪಟ್ಟಿ ಮುಂದಿಟ್ಟುಕೊಂಡು ಒಂದೊಂದಾಗಿ ಕೇಳಿದಳು. "ನೀರೇನು ಮಾಡ್ತಿದ್ದಿರಿ ಹಾಜ್? ಆ ಕ್ಷಾರವೆಲ್ಲ ಇಳಿಯೋದು ನೀರಿಗೇ." ಚೆಲ್ಲುತ್ತಿದ್ದೆ ಅಂದೆ. ಮಂಚದ ಮೇಲೆ ಬತೂಲ್ ಕಣ್ಣುಮುಚ್ಚಿ ಮಲಗಿದ್ದಳು. ಚೆಲ್ಲುತ್ತಿದ್ದೆ ಅಂದಾಗ ಕಣ್ಣು ತೆರೆದಳು. ನನ್ನನ್ನು ನೋಡಿದಳು. ಆಮೇಲೆ ಗೋಡೆ ಕಡೆ ತಿರುಗಿದ್ದು.

…

ಗೊತ್ತಿತ್ತೇನೋ ಅವಳಿಗೆ? ಅಲ್ಲವೇ? ಗೊತ್ತಿದ್ದೇ ನಿನ್ನ ಹೆಸರು ಹೇಳಿದಳೇ? ನೀನು ದಿನಾ ಮಡಕೆಯ ಮುಚ್ಚಳ ತೆಗೆದು ನೋಡೋದು ಅವಳಿಗೆ ಗೊತ್ತು… ಮಾತಾಡು ಮಾರಾಯ! ಬೈ! ಆ ಹುಟ್ಟಿನಿಂದ ಎರಡೇಟು ಹಾಕು!

ಉರಿ ಇಳಿಯಿತು. ತಳ್ಳು ಒಳಗೆ. ಎಡಗಡೆಗೆ. ನಲವತ್ತು ನಿಮಿಷ.

ಮಡಕೆ ಇತ್ತ ಕೊಡು. ನಾನೇ ಹಿಡ್ಕೊಂಡು ಹೋಗ್ತೇನೆ, ಆ ಎರಡನೇ ಬಾಗಿಲಿಗೆ, ಖದ್ದೂಜಳ ಹತ್ತಿರ. ತೆರೀತಾಳೋ, ಮುಖದ ಮೇಲೆ ಹಾಕ್ತಾಳೋ… ಹಾಕಲಿ. ಬೆಂದ ಮೇಲೆ ತಟ್ಟೆಯನ್ನು ಅಲ್ಲಿಗೇ ಕಳಿಸು, ಬತೂಲ್ ಅಲ್ಲೇ ಇರ್ತಾಳೆ.

ನಡುವೆ ಒಂದು ಸಲ ತಿರುವಬೇಕು, ಮರೀಬೇಡ. ನೀನೇ ತಿರುವು. ಮುರಿದರೆ ಮುರಿಯಲಿ.