ಬಲೆಗೆ ತಂದ ಸೀಸ

…ಎಂತಕ್ಕೆ ಹಾಂಗೆ ನೋಡ್ತಿ ಸಂದೇಶ? ನಾ ನಿನ್ನ ಅಣ್ಣ, ಪೊಲೀಸನಲ್ಲ. ಆ ಕೈ ಮುಚ್ಕೋ ಮಾರಾಯ, ನೋಡೂಕೆ ಆಗೂದಿಲ್ಲ. ಬಿಸಿ ಎಣ್ಣೆ ಬಿತ್ತು ಅಂತ ಈ ಆಸ್ಪತ್ರೆಯ ಡಾಕ್ಟರ ಹತ್ರ ಹೇಳಿದೆ. ಎಣ್ಣೆ ಬಿದ್ರೆ ತಲೆಕೂದ್ಲು ಉದುರ್ತದಾ ಅಂದ್ರು.

ಬಲೆಗೆ ಭಾರ ಬೇಕಿತ್ತು. ಅಂಕೋಲಾದ ಗುಜರಿಯಲ್ಲಿ ಸೀಸದ ಡಬ್ಬಿ ಸಿಕ್ತು. ಯಾವುದೋ ಊರಿನ ಮುಚ್ಚಿದ ಕಾರ್ಖಾನೆಯದ್ದಂತೆ. ಸೀಸ ಕಂಡು ಬಿಟ್ಟು ಬರುವ ಮೀನುಗಾರ ಚಿತ್ತಾಕುಲದಲ್ಲಿ ಯಾರಿದ್ದಾರೆ ಹೇಳು? ಒಡೆದು ಕರಗಿಸು ಅಂತ ನಿಂಗೆ ಕೊಟ್ಟೆ. ಒಳಗೆ ಆ ಹೊಳೆಯುವ ತುಂಡು ಇರ್ತದೆ ಅಂತ… ದೇವರಾಣೆ, ಗೊತ್ತಿರ್ಲಿಲ್ಲ.

ನೀನು ದಿನವಿಡೀ ಅದನ್ನು ಕೈಯಲ್ಲೇ ಉರುಳಿಸ್ತಾ ಕೂತೆ. ರಾತ್ರಿ ಮಂಚದ ಕೆಳಗಿಟ್ಟೆ. ಅಲ್ಲಿ ಮಲಗುವ ನಾಯಿ ಸತ್ತಿತು. ಆಗ ಆ ತುಂಡು ಒಯ್ದು ಬಿಸಾಡಿದವ ನಾನೇ ಅಲ್ಲನಾ?

ಎಲ್ಲಿಗೆ ಅಂದ್ರೆ… ಸಮುದ್ರಕ್ಕೆ. ಬೋಟಲ್ಲಿ ದೂರ ಹೋಗಿ, ಆಳಕ್ಕೆ.

ಹೊರಗೆ ಸಾಹೇಬರು ಬಂದಿದ್ದಾರೆ, ಕಟಕಟ ಅನ್ನುವ ಯಂತ್ರ ಹಿಡ್ಕೊಂಡು. ಅದು ಅಣುತ್ಯಾಜ್ಯವಂತೆ. ನೀರಲ್ಲಿದ್ರೂ ಕೆಸರಲ್ಲಿದ್ರೂ ಮೊಮ್ಮಕ್ಕಳ ಕಾಲದವರೆಗೂ ಅದರ ವಿಷ ಇಳಿಯೂದಿಲ್ಲವಂತೆ. ಕೇಳಿದ್ರೆ ನೀನೂ ಸಮುದ್ರ ಅಂತ್ಲೇ ಹೇಳು. ಆಯ್ತಾ?

ತಲೆ ಎಂತಕ್ಕೆ ಅಲ್ಲಾಡಿಸ್ತಿ?

…ಹೌದು. ಬೋಟಿನ ಇಂಜಿನ್ ಆ ವಾರ ರಿಪೇರಿಗೆ ಹೋಗಿತ್ತು. ಒಯ್ದು ಕೊಟ್ಟವ ನೀನೇ. ಮರ್ತಿದ್ದೆ.

ಮಾತಾಡು ತಮ್ಮಾ. ಬೈ ಬೇಕಾದ್ರೆ.

ಹೆದರಿಕೆ ಆಯ್ತು ಮಾರಾಯ. ಕಿಸೆಯಲ್ಲಿ ಇಟ್ಕೊಂಡು ನಾಲ್ಕು ಹೆಜ್ಜೆ ಹಾಕೂಕೂ ಹೆದರಿಕೆ. ಹೊಳೆ ದಂಡೆಯಿಂದಲೇ ಒಗೆದೆ, ಬಳಚಿನ ಚಿಪ್ಪು ಹೆಕ್ಕುವ ಕೆಸರಿಗೆ. ಸುನೀತಾ ಸೊಂಟದ ತನಕ ಇಳಿದು ನಿಲ್ಲುವ ಜಾಗ. ನಿನ್ನ ಹೆಂಡತಿ ಅಂತ ಗೊತ್ತಿದ್ದೂ ಹತ್ತು ದಿನ ಬಾಯಿ ಬಿಡ್ಲಿಲ್ಲ. ಅವಳು ಬಳಚಿನ ಸಾರು ಬಡಿಸಿದಾಗೆಲ್ಲ ಹೊಟ್ಟೆ ಸರಿಯಿಲ್ಲ ಅಂತ ಎದ್ದು ಹೋದೆ. ನೀವಿಬ್ಬರೂ ಉಂಡಿರಿ. ನಾ ನೋಡ್ತಾ ಇದ್ದೆ. ಪಾಪಿ ನಾನು, ತಮ್ಮಾ.

ಎಂತ? ಗಡಿಯಾರ ಎಂತಕ್ಕೆ ತೋರಿಸ್ತಿ?

…ಹತ್ತೂವರೆ. ಹೊಳೆನೀರು ಇಳಿತದ ಹೊತ್ತು, ಬಳಚು ಹೆಕ್ಕುವ ಹೊತ್ತು.

ಸುನೀತಾ ಬೆಳಿಗ್ಗೆಯಿಂದ ಇಲ್ಲಿಗೆ ಬರ್ಲೇ ಇಲ್ಲ, ಅಲ್ಲನಾ?

ಬಿಡು, ಕೈ ಬಿಡು, ನಾ ಓಡ್ತೆ… ಸಾಹೇಬ್ರೇ, ಜೀಪ್ ತೆಗೀರಿ. ಸಮುದ್ರಕ್ಕಲ್ಲ. ಹೊಳೆಗೆ.